ಹಡಗಿನಿಂದ ಇಳಿದು ಆರಾಮಾಗಿ ನಡೆದು ನೋಡಬೇಕು: ಮುಂಬೈ, ಗೋವಾ, ಕೊಚ್ಚಿ ಬಂದರು ಕಂಡವರು ಹೇಳಿ

ಕುಕ್ಕರಹಳ್ಳಿ ಏರಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಾನು, ನನ್ನ ಹೆಂಡತಿ ಹಡಗಿನ ಪ್ರವಾಸಕ್ಕೆ ಹೊರಟಿದ್ದೇವೆ. ಮುಂಬೈಯಲ್ಲಿ ಹತ್ತಿ, ಗೋವಾದಲ್ಲಿ ಒಂದು ಹಗಲು ನಿಂತು, ಕೊಚ್ಚಿಯಲ್ಲಿ ಇಳಿಯೋದು. ನನಗೆ 64, ಅವಳಿಗೆ 60. ಇಬ್ಬರೂ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕುತ್ತೇವೆ. ಅವಳ ಬಲಮಂಡಿ ಸ್ವಲ್ಪ ನೋವು. ಸಮತಟ್ಟಾದ ದಾರಿ ಎಷ್ಟಿದ್ದರೂ ನಡೆಯುತ್ತಾಳೆ, ಮೆಟ್ಟಿಲು ಇಳಿಯೋದು ಮಾತ್ರ ಕಷ್ಟ.

ಹೋದ ವರ್ಷ ಒಂದು ಪ್ಯಾಕೇಜ್ ಬಸ್ಸಿನಲ್ಲಿ ಹೋಗಿದ್ದೆವು. ಐದು ದಿನಕ್ಕೆ 23 ಜಾಗ ತೋರಿಸಿದರು. ಎಲ್ಲಿ ಇಳಿದರೂ "ಇಪ್ಪತ್ತು ನಿಮಿಷ, ಬೇಗ ಬನ್ನಿ" ಅನ್ನೋರು. ಮನೆಗೆ ಬಂದು ಫೋಟೋ ತೆಗೆದು ನೋಡಿದರೆ ಯಾವ ಗೋಪುರ ಯಾವ ಊರಿನದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಅವಳಿಗೆ ತುಂಬಾ ಬೇಜಾರಾಯಿತು. ಈ ಸಲ ಹಾಗಾಗಬಾರದು ಅಂತ ತೀರ್ಮಾನ ಮಾಡಿದ್ದೇವೆ.

ಹಡಗಿನವರು ಬಂದರಿಂದ ಬಸ್ ಪ್ರವಾಸ ಮಾರುತ್ತಾರಂತೆ. ನಮಗೆ ಅದು ಬೇಡ. ನಾವೇ ಇಳಿದು, ಸುಮ್ನೆ ಎರಡು ಮೂರು ಗಂಟೆ ನಡೆದು, ಎಲ್ಲಾದರೂ ಕೂತು ಕಾಫಿ ಕುಡಿದು ವಾಪಸ್ ಬರಬೇಕು. ಇದು ಆಗುತ್ತಾ? ಯಾವ ಬಂದರಲ್ಲಿ ಎಷ್ಟು ನಡೆಯಬಹುದು? ಅನುಭವ ಇರೋರು ದಯವಿಟ್ಟು ಬರೆಯಿರಿ.

ಡೆಕ್ ಏಳು (ಮೈಸೂರು, ಹೆಬ್ಬಾಳ)

ಖಂಡಿತ ಆಗುತ್ತೆ ಸರ್. ನಾನು ಒಂಬತ್ತು ವರ್ಷ ಹಡಗಿನ ಅಡುಗೆ ವಿಭಾಗದಲ್ಲಿ ಕೆಲಸ ಮಾಡಿದವನು. ಬಿಡುವಿನ ಎರಡು ಗಂಟೆಯಲ್ಲಿ ನಡೆದು ಊರು ನೋಡೋದೇ ನಮಗೆ ಇದ್ದ ದಾರಿ. ಹಾಗಾಗಿ ಇದರ ಬಗ್ಗೆ ಬರೆಯೋಕೆ ಇಷ್ಟ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಬಂದರು ಬೇರೆ, ಊರು ಬೇರೆ. ಟಿಕೆಟ್‌ನಲ್ಲಿ "ಗೋವಾ" ಅಂತ ಇರುತ್ತೆ, ಹಡಗು ನಿಲ್ಲೋದು ಮುರ್ಮಗೋವಾದಲ್ಲಿ. ಅಲ್ಲಿಂದ ಪಣಜಿ ಸುಮಾರು 30 ಕಿಲೋಮೀಟರ್. ಮಂಗಳೂರು ಅಂದರೆ ಪಣಂಬೂರು. ಕೊಚ್ಚಿ ಅಂದರೆ ವಿಲ್ಲಿಂಗ್ಡನ್ ದ್ವೀಪ. ಆದ್ದರಿಂದ "ಹಡಗಿಂದ ಇಳಿದ ತಕ್ಷಣ ನಡೆಯೋದು" ಅಂತ ಯೋಚನೆ ಮಾಡಬೇಡಿ. ನಡೆಯೋ ಜಾಗ ಎಲ್ಲಿ ಶುರುವಾಗುತ್ತೆ ಅಂತ ನೋಡಿ, ಅಲ್ಲಿವರೆಗೆ ಗಾಡಿಯಲ್ಲೋ ದೋಣಿಯಲ್ಲೋ ಹೋಗಿ. ಬಂದರಿನ ಒಳಗೆ ಕ್ರೇನ್, ಕಂಟೇನರ್ ಲಾರಿ ಓಡಾಡುತ್ತಿರುತ್ತವೆ. ಅಲ್ಲಿ ಕಾಲ್ನಡಿಗೆ ಬಿಡೋದು ಕಡಿಮೆ. ಗೇಟಿನವರೆಗೆ ಬಸ್ ಇಟ್ಟಿರುತ್ತಾರೆ.

ಎರಡನೇದು ಸಮಯ. ಹಡಗು 6 ಗಂಟೆಗೆ ಹೊರಡುತ್ತೆ ಅಂದರೆ ನೀವು 5ಕ್ಕೋ 5.30ಕ್ಕೋ ಒಳಗಿರಬೇಕು. ಆ ಸಮಯವನ್ನು ಇಳಿಯೋ ಏಣಿಯ ಹತ್ತಿರ ಬೋರ್ಡಿನಲ್ಲಿ ಬರೆದಿರುತ್ತಾರೆ. ಮೊಬೈಲಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಹಡಗಿನವರ ಬಸ್ ತಡವಾದರೆ ಹಡಗು ಕಾಯುತ್ತೆ. ಸ್ವಂತವಾಗಿ ಹೋದವರಿಗೆ ಕಾಯಲ್ಲ. ಇದು ಎಲ್ಲಾ ಕಡೆ ಇರೋ ನಿಯಮ. ದಿನಾ ರೂಮಿಗೆ ಕೊಡೋ ಹಾಳೆಯಲ್ಲಿ ಆ ಬಂದರಿನ ಏಜೆಂಟ್ ಫೋನ್ ನಂಬರ್ ಇರುತ್ತೆ. ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಇಳಿಯಿರಿ. ಹಡಗಿನ ಕಾರ್ಡ್ ಮತ್ತು ಆಧಾರ್ ಎರಡೂ ಬೇಕು. ಬಂದರಿನ ಗೇಟಿನಲ್ಲಿ ಕೇಳುತ್ತಾರೆ.

ಇನ್ನೊಂದು. ಹಡಗು ನಿಂತ ಮೊದಲ ಮುಕ್ಕಾಲು ಗಂಟೆ ಬಾಗಿಲಲ್ಲಿ ನೂಕುನುಗ್ಗಲು. ಮಂಡಿ ನೋವಿನವರು ಆ ಸಾಲಲ್ಲಿ ನಿಲ್ಲಬಾರದು. ಇಡ್ಲಿ ತಿಂದು, ಮೇಲಿಂದ ಬಂದರು ನೋಡಿ, ಜನ ಕರಗಿದ ಮೇಲೆ ಇಳಿಯಿರಿ.

ಸರಸ್ವತಿಪುರಂ ಶಾರದೆ

ಮುಂಬೈಯಲ್ಲಿ ಹತ್ತೋ ದಿನವೇ ಒಂದು ಒಳ್ಳೆ ನಡಿಗೆ ಇದೆ, ತಪ್ಪಿಸಬೇಡಿ. ಬಹಳ ಜನ ಏರ್‌ಪೋರ್ಟಿನಿಂದ ನೇರ ಹಡಗಿಗೆ ಓಡುತ್ತಾರೆ. ನಾನು ಮದುವೆಯಾಗಿ ಮುಂಬೈಯಲ್ಲಿ 21 ವರ್ಷ ಇದ್ದವಳು.

ಹಡಗು ಹತ್ತೋದು ಬಲ್ಲಾರ್ಡ್ ಪಿಯರ್‌ನಲ್ಲಿ. ಗೇಟಿನ ಹೊರಗೇ ಬಲ್ಲಾರ್ಡ್ ಎಸ್ಟೇಟ್. ಪಕ್ಕದ ಡಾಕ್ ಅಗೆದಾಗ ಬಂದ ಮಣ್ಣು ತುಂಬಿ ಮಾಡಿದ ಜಾಗ ಅದು. ಎಲ್ಲಾ ಕಟ್ಟಡವೂ ಒಂದೇ ಎತ್ತರ, ಒಂದೇ ತರಹದ ಕಲ್ಲು. ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ ಜಾರ್ಜ್ ವಿಟೆಟ್ ಅವರೇ ಇದರ ವಿನ್ಯಾಸ ಮಾಡಿದ್ದು. ಭಾನುವಾರ ಬೆಳಿಗ್ಗೆ ಅಲ್ಲಿ ಹೆಜ್ಜೆ ಸದ್ದು ಕೇಳಿಸುತ್ತೆ. ಮುಂಬೈಯಲ್ಲಿ ನಮ್ಮ ಹೆಜ್ಜೆ ನಮಗೇ ಕೇಳಿಸೋದು ಅಂದರೆ ನೋಡಿ!

ಅಲ್ಲಿಂದ ನಿಧಾನ ನಡೆದರೆ ಹಾರ್ನಿಮನ್ ಸರ್ಕಲ್. ಎದುರಿಗೆ 1833ರ ಟೌನ್ ಹಾಲ್, ಏಷಿಯಾಟಿಕ್ ಸೊಸೈಟಿ ಲೈಬ್ರರಿ ಇರೋದು ಅದರಲ್ಲೇ. ಬಿಳಿ ಕಂಬಗಳು, ಅಗಲವಾದ ಮೆಟ್ಟಿಲು. ನಿಮ್ಮವರು ಹತ್ತೋದು ಬೇಡ, ಕೆಳಗಿನ ಮೆಟ್ಟಿಲಲ್ಲೇ ಕೂರಲಿ. ಇಡೀ ಊರು ಕೂರೋದೇ ಅಲ್ಲಿ. ಎದುರಿನ ಆಲದ ಮರಗಳ ಕೆಳಗೆ 1850ರ ದಶಕದಲ್ಲಿ ಷೇರು ದಲ್ಲಾಳಿಗಳು ಸೇರುತ್ತಿದ್ದರು. ಈಗಿನ ಷೇರು ಪೇಟೆಯ ಬೇರು ಅದೇ.

ಬಂದರಿಂದ ಗೇಟ್‌ವೇಗೆ ಸುಮಾರು ಎರಡು ಕಿಲೋಮೀಟರ್. ನಾನಾಗಿದ್ದರೆ ಅಲ್ಲಿಗೆ ಹೋಗಲ್ಲ. ಅಲ್ಲಿ ಜಾಸ್ತಿ ಜನ. ಹಡಗು ಹೊರಟಾಗ ಸಮುದ್ರದ ಕಡೆಯಿಂದಲೇ ಅದು ಕಾಣುತ್ತೆ. ಅದನ್ನು ನೋಡಬೇಕಾದ ದಿಕ್ಕೂ ಅದೇ.

ರಾಮಾನುಜ ರಸ್ತೆ

ಗೋವಾ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಪಣಜಿಗೆ ಹೋಗಬೇಡಿ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಮನಸ್ಸಿನಲ್ಲಿ ಪೂರ್ತಿ ಹೊತ್ತು ಹಡಗಿನ ಗಡಿಯಾರ. ವಾಸ್ಕೋ ಪೇಟೆ ಹತ್ತಿರದಲ್ಲೇ ಇದೆ, ಅಲ್ಲೇ ಮೀನು, ತರಕಾರಿ ಮಾರುಕಟ್ಟೆ ಸುತ್ತಿ ಬನ್ನಿ. ಪ್ರವಾಸಿಗರೇ ಇರಲ್ಲ. ನಾವು ಹಾಗೇ ಮಾಡಿದೆವು. ಒಬ್ಬ ಅಜ್ಜಿ ಹತ್ತಿರ ಕೋಕಂ ಸಿಪ್ಪೆ ಕೊಂಡೆವು. ಅವರು ಕೊಂಕಣಿ, ನಾವು ಕನ್ನಡ, ಆದರೂ ವ್ಯವಹಾರ ಸುಸೂತ್ರವಾಗಿ ಆಯಿತು.

ಡೆಕ್ ಏಳು

ರಾಮಾನುಜ ರಸ್ತೆಯವರ ಮಾತು ಹಡಗು ನಾಲ್ಕೈದು ಗಂಟೆ ಮಾತ್ರ ನಿಂತರೆ ಸರಿ. ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲೋದಾದರೆ ಪಣಜಿ ಬಿಡಬೇಡಿ ಅಂತ ನಾನು ಹೇಳುತ್ತೇನೆ. ಹಡಗಿನಲ್ಲೇ ಇನ್ನೊಂದು ಜೋಡಿ ಜೊತೆ ಮಾಡಿಕೊಂಡು ಟ್ಯಾಕ್ಸಿ ಹಂಚಿಕೊಳ್ಳಿ. ಹೋಗಿ ಬರೋದು, ನಡುವೆ ಮೂರು ಗಂಟೆ ಕಾಯೋದು ಎಲ್ಲಾ ಸೇರಿಸಿ ಮೊದಲೇ ಒಂದು ಮೊತ್ತ ಮಾತಾಡಿ. ಅದೇ ಟ್ಯಾಕ್ಸಿ ವಾಪಸ್ ಕರೆತರುತ್ತೆ ಅನ್ನೋದು ಮುಖ್ಯ. ಸಂಜೆ ಪಣಜಿಯಲ್ಲಿ ನಿಂತು ಹೊಸ ಗಾಡಿ ಹುಡುಕುವಾಗ ಎದೆ ಹೊಡೆದುಕೊಳ್ಳುತ್ತೆ.

ಪಣಜಿಯಲ್ಲಿ ಎಲ್ಲಾ ಬೇಡ. ಫೊಂಟೇನಾಸ್ ಒಂದೇ ಸಾಕು. ಪೋರ್ಚುಗೀಸರ ಕಾಲದ ಬಡಾವಣೆ. ಒಂದು ಮನೆಗೆ ಹಳದಿ, ಪಕ್ಕದ್ದಕ್ಕೆ ಕಡುನೀಲಿ, ಅದರಾಚೆ ಇಟ್ಟಿಗೆ ಕೆಂಪು. ಬಿಳಿ ಬಣ್ಣ ಚರ್ಚಿಗೆ ಮಾತ್ರ ಅನ್ನೋ ರೂಢಿ ಇತ್ತು. ಕಿಟಕಿಯ ಅಂಚಿಗೆ ಬಿಳಿ ಪಟ್ಟಿ ಬಿಟ್ಟಿರುತ್ತಾರೆ, ಗಮನಿಸಿ. ಬೀದಿ ಸಮತಟ್ಟು, ನೆರಳು ಇದೆ. ಅಲ್ಲಿ ಜನ ವಾಸ ಮಾಡುತ್ತಾರೆ, ಅವು ಬರೀ ಫೋಟೋಗೆ ಇಟ್ಟ ಮನೆಗಳಲ್ಲ. ಬಾಗಿಲಲ್ಲಿ ಕೂತು ಫೋಟೋ ತೆಗೆಸಿಕೊಳ್ಳೋರನ್ನು ಕಂಡು ಅಲ್ಲಿನವರು ನೊಂದಿದ್ದಾರೆ. ಮೆಲ್ಲಗೆ ಮಾತಾಡಿಕೊಂಡು ಹೋಗಿ.

ಹತ್ತಿರದಲ್ಲೇ ದೊಡ್ಡ ಬಿಳಿ ಚರ್ಚ್, ಅಂಕುಡೊಂಕು ಮೆಟ್ಟಿಲಿನದು. ಅದನ್ನು ಕೆಳಗಿಂದ ನೋಡೋದೇ ಚೆಂದ, ಮಂಡಿಗೂ ಕ್ಷೇಮ.

ಪಾಂಡವಪುರದಿಂದ (ಮಂಡ್ಯ)

ಕೊಚ್ಚಿ ವಿಷಯಕ್ಕೆ ನಾನು ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮದು ಕಬ್ಬು, ಭತ್ತದ ಮನೆ. ನಾನು ಸಮುದ್ರ ನೋಡಿದ್ದೇ 38ನೇ ವಯಸ್ಸಿನಲ್ಲಿ. ಅದಕ್ಕೇ ಇರಬೇಕು, ಬಂದರು ಅಂದರೆ ಈಗಲೂ ಆಸೆ. ಕೊಚ್ಚಿಗೆ ಮೂರು ಸಲ ಹೋಗಿದ್ದೇನೆ, ಒಂದು ಸಲ ಹಡಗಿನಲ್ಲಿ.

ಹಡಗು ನಿಲ್ಲೋ ವಿಲ್ಲಿಂಗ್ಡನ್ ದ್ವೀಪ ಮನುಷ್ಯರು ಮಾಡಿದ್ದು. ಹಿನ್ನೀರಿನ ತಳ ತೋಡಿ ಹಡಗಿಗೆ ದಾರಿ ಮಾಡಿದರು, ಮೇಲೆ ಬಂದ ಹೂಳನ್ನು ಗುಡ್ಡೆ ಹಾಕಿ ದ್ವೀಪ ಕಟ್ಟಿದರು. ರಾಬರ್ಟ್ ಬ್ರಿಸ್ಟೋ ಅನ್ನೋ ಎಂಜಿನಿಯರ್ 1920, 30ರ ದಶಕದಲ್ಲಿ ಮಾಡಿಸಿದ ಕೆಲಸ. ನಾವು ಕೆರೆ ಹೂಳೆತ್ತಿ ಗದ್ದೆಗೆ ಹೊಡೆಯುತ್ತೇವಲ್ಲ, ಅದೇ ಲೆಕ್ಕ. ಆದರೆ ಇವರು ಅದರ ಮೇಲೆ ಒಂದು ಊರನ್ನೇ ಎಬ್ಬಿಸಿದರು. ಹಡಗಿನಿಂದ ಇಳಿಯುವಾಗ ಕಾಲ ಕೆಳಗೆ ಇರೋದು ಸಮುದ್ರದ ಹೂಳು ಅಂತ ನೆನಪಿದ್ದರೆ ನಡೆಯೋ ಖುಷಿನೇ ಬೇರೆ.

ಅಲ್ಲಿಂದ ದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ. ಆಟೋ, ಟ್ಯಾಕ್ಸಿಯವರು ಸೇತುವೆ ಮೇಲೆ ಸುತ್ತಿ ಕರೆದುಕೊಂಡು ಹೋಗುತ್ತಾರೆ. ದೋಣಿಯಲ್ಲಿ ಗಾಳಿ ಕುಡಿದುಕೊಂಡು ಹೋಗಬಹುದು. ಚೀನಾ ಬಲೆಗಳು ನೀರಿನ ಕಡೆಯಿಂದ ಕಾಣುತ್ತವೆ. ಇಳಿದ ಮೇಲೆ ಆ ಬಲೆ ಹತ್ತಿರ ಅರ್ಧ ಗಂಟೆ ನಿಲ್ಲಿ. ನಮ್ಮ ಕಡೆ ಏತ ಇತ್ತಲ್ಲ, ಥೇಟ್ ಅದೇ ತತ್ವ. ಒಂದು ಕಡೆ ಬಲೆ, ಇನ್ನೊಂದು ಕಡೆ ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲುಗಳ ಸರ. ನಾಲ್ಕೈದು ಜನ ಹಗ್ಗ ಜಗ್ಗುತ್ತಾರೆ, ಕಲ್ಲುಗಳು ಒಂದೊಂದಾಗಿ ಕೆಳಗಿಳಿಯುತ್ತವೆ, ಬಲೆ ನೀರು ಸುರಿಸಿಕೊಂಡು ಮೇಲೇಳುತ್ತೆ. ಕಲ್ಲಿನ ತೂಕ ಸರಿಯಾಗಿ ಕೂತಿರೋದರಿಂದ ಅಷ್ಟು ದೊಡ್ಡ ಬಲೆಯನ್ನು ಅಷ್ಟೇ ಜನ ಎತ್ತಬಹುದು. ನಾನು ಹಗ್ಗ ಹಿಡಿದಿದ್ದೆ. ಹಗ್ಗ ಒದ್ದೆ, ಉಪ್ಪಿಗೆ ಅಂಗೈ ಚುರುಗುಟ್ಟಿತು. ಎತ್ತಿದರೆ ಒಂದು ಹಿಡಿ ಮೀನು, ಎರಡು ಏಡಿ, ಮಿಕ್ಕಿದ್ದು ನೀರುಕಳೆ. ಹಗ್ಗ ಹಿಡಿಸಿದವರು ಚಹಾಕ್ಕೆ ಕಾಸು ಕೇಳುತ್ತಾರೆ. ಕೊಡಿ. ಅವರ ಹೊಟ್ಟೆಪಾಡು ಅದು.

ಆಮೇಲೆ ಸೇಂಟ್ ಫ್ರಾನ್ಸಿಸ್ ಚರ್ಚ್. 1503ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದು. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಇಲ್ಲೇ ಹೂತಿದ್ದರು, 1539ರಲ್ಲಿ ಪೋರ್ಚುಗಲ್‌ಗೆ ಒಯ್ದರು. ಹಿಂದೆ ಹೂತಿದ್ದ ಜಾಗಕ್ಕೆ ಕಟಕಟೆ ಹಾಕಿದ್ದಾರೆ. ಐದು ನಿಮಿಷ ಸಾಕು.

ಈಗ ನನಗೆ ಅತಿ ಇಷ್ಟದ ಭಾಗ. ಫೋರ್ಟ್ ಕೊಚ್ಚಿಯಿಂದ ಮಟ್ಟಾಂಚೇರಿಗೆ ಬಜಾರ್ ರಸ್ತೆಯಲ್ಲಿ ನಡೆದು ಹೋಗಿ. ಎರಡೂವರೆ ಕಿಲೋಮೀಟರ್ ಒಳಗೇ ಇದೆ, ಪೂರ್ತಿ ಸಮತಟ್ಟು. ಎಡಗಡೆ ಗೋದಾಮುಗಳು, ಅವುಗಳ ಬೆನ್ನಿಗೆ ನೀರು. ಮೊದಲೆಲ್ಲ ದೋಣಿಯಿಂದ ಮೂಟೆ ನೇರ ಗೋದಾಮಿಗೆ ಬರುತ್ತಿತ್ತು. ಮೆಣಸು, ಏಲಕ್ಕಿ, ಅಕ್ಕಿ, ಚಹಾ, ಪ್ರತಿ ಹತ್ತು ಹೆಜ್ಜೆಗೆ ಮೂಗಿಗೆ ಬೇರೆ ವಾಸನೆ. ನಾನು ಒಂದು ತೆರೆದ ಬಾಗಿಲಲ್ಲಿ ಇಣುಕಿದೆ. ಒಳಗೆ ಅಂಗಳ, ಅಂಗಳದ ತುಂಬಾ ಶುಂಠಿ ಒಣ ಹಾಕಿದ್ದರು. ಒಬ್ಬ ಮುದುಕ ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಸಾಲು ಬಿಡಿಸಿಕೊಂಡು ಶುಂಠಿ ಮಗುಚುತ್ತಿದ್ದ. ನಾವು ಕಣದಲ್ಲಿ ಭತ್ತ ತಿರುವೋದು ಥೇಟ್ ಹಾಗೇ, ಕಾಲಲ್ಲೇ. ಸುಣ್ಣ ಹಾಕಿದ ಶುಂಠಿ, ಅವನ ಕಾಲು ಮಂಡಿವರೆಗೆ ಬೆಳ್ಳಗಾಗಿತ್ತು. ಒಂದು ತುಂಡು ಮುರಿದು ಕೈಗೆ ಕೊಟ್ಟು "ಎಲ್ಲಿಂದ" ಅಂತ ಕೇಳಿದ. ಮೈಸೂರು ಕಡೆ ಅಂದೆ. "ಅಲ್ಲಿಯ ಶುಂಠಿಯೂ ಬರುತ್ತೆ" ಅಂದ. ಹುಣಸೂರು, ಎಚ್.ಡಿ. ಕೋಟೆ ಕಡೆ ಕೇರಳದವರು ಭೂಮಿ ಗುತ್ತಿಗೆ ಹಿಡಿದು ಶುಂಠಿ ಬೆಳೆಯೋದನ್ನು ನೋಡಿದ್ದೇವಲ್ಲ. ನಾವು ಹೊಲದ ಬದುವಿನಲ್ಲಿ ನಿಂತು ನೋಡಿದ ಲಾರಿ ಎಲ್ಲಿಗೆ ಹೋಗುತ್ತಿತ್ತು ಅನ್ನೋದು ಅವತ್ತು ಗೊತ್ತಾಯಿತು. ಆ ಜಾಗದಲ್ಲಿ ನಾನು ಮುಕ್ಕಾಲು ಗಂಟೆ ನಿಂತೆ. ಬಸ್ಸಿನಲ್ಲಿ ಹೋಗಿದ್ದರೆ ಆ ಬಾಗಿಲು ಕಣ್ಣಿಗೇ ಬೀಳುತ್ತಿರಲಿಲ್ಲ.

ಕುಕ್ಕರಹಳ್ಳಿ ಏರಿ

ಪಾಂಡವಪುರದವರೇ, ಓದಿ ಕಣ್ಣು ತುಂಬಿತು. ನನ್ನ ತಂದೆ ದೇವರಾಜ ಮಾರುಕಟ್ಟೆಯಲ್ಲಿ ಒಣಶುಂಠಿ, ಮೆಣಸಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. "ಕೊಚ್ಚಿ ಮಾಲು" ಅನ್ನೋ ಮಾತು ಬಾಲ್ಯದಿಂದ ಕಿವಿಯಲ್ಲಿದೆ. ಆ ರಸ್ತೆ ನಡೆದೇ ನಡೆಯುತ್ತೇನೆ.

ಬೋಳಾರದ ಮಗಳು (ಈಗ ಮೈಸೂರು)

ಕೊಚ್ಚಿಗೆ ಹೋಗೋರು ವಾರ ನೋಡಿಕೊಂಡು ಹೋಗಿ. ಮಟ್ಟಾಂಚೇರಿ ಅರಮನೆ ಶುಕ್ರವಾರ ಮುಚ್ಚಿರುತ್ತೆ. ಯಹೂದಿಗಳ ಪ್ರಾರ್ಥನಾ ಮಂದಿರ ಪರದೇಸಿ ಸಿನಗಾಗ್ ಶನಿವಾರ ತೆರೆಯಲ್ಲ, ಅವರ ಹಬ್ಬದಲ್ಲೂ ಇಲ್ಲ. ನಾವು ಶನಿವಾರ ಹೋಗಿ ಬಾಗಿಲು ನೋಡಿ ಬಂದೆವು. ಎರಡನೇ ಸಲ ಹೋದಾಗ ಒಳಗೆ ಹೋದೆವು. 1568ರದು ಅದು. ನೆಲ ನೋಡಿ! ಚೀನಾದಿಂದ ತಂದ ನೀಲಿ ಬಿಳಿ ಹೆಂಚುಗಳು, ಎಲ್ಲಾ ಕೈಯಲ್ಲೇ ಚಿತ್ರ ಬರೆದದ್ದು, ಒಂದರ ಹಾಗೆ ಇನ್ನೊಂದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಅದರ ಮೇಲೆ ನಡೆಯಬೇಕು. ತಣ್ಣಗಿರುತ್ತೆ.

ನನ್ನೂರಿನ ಬಗ್ಗೆಯೂ ಒಂದು ಮಾತು. ಮಂಗಳೂರಿಗೆ ಬೇಸಿಗೆಗೆ ಮುಂಚೆ ವಿದೇಶದ ಹಡಗುಗಳು ಬರುತ್ತವೆ. ಇಳಿದವರನ್ನು ಬಸ್ಸಿಗೆ ಹತ್ತಿಸಿ ಕಾರ್ಕಳದ ಗೊಮ್ಮಟ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್ ತೋರಿಸುತ್ತಾರೆ. ಚಾಪೆಲ್ ನೋಡಲೇಬೇಕು. ಆಂಟೋನಿಯೋ ಮೊಸ್ಕೇನಿ ಅನ್ನೋ ಇಟಲಿಯವರು ಗೋಡೆ, ಚಾವಣಿ ಎಲ್ಲಾ ಬರೆದಿದ್ದಾರೆ. ಆದರೆ ಮಂಗಳೂರಿನ ನಿಜವಾದ ಬಂದರು ನಡಿಗೆ ಹಳೇ ಬಂದರಿನ ದಕ್ಕೆಯಲ್ಲಿ, ಅಂದರೆ ದೋಣಿ ನಿಲ್ಲೋ ಕಟ್ಟೆಯಲ್ಲಿ. ಅದನ್ನು ಯಾರೂ ತೋರಿಸಲ್ಲ ಅನ್ನೋದು ನನ್ನ ಸಂಕಟ. ಪಣಂಬೂರಿನ ಹೊಸ ಬಂದರು 1975ರದು. ಅದಕ್ಕೂ ಮುಂಚೆ ಊರಿಗೆ ಬಂದರು ಅಂದರೆ ಇದೇ. ಇವತ್ತಿಗೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೋಗೋದು ಇಲ್ಲಿಂದ ಮಂಜಿಗಳಲ್ಲಿ. ಮಂಜಿ ಅಂದರೆ ಸರಕು ಸಾಗಿಸೋ ದೊಡ್ಡ ಮರದ ದೋಣಿ. ಬೆಳಿಗ್ಗೆ 6ಕ್ಕೆ ದಕ್ಕೆಗೆ ಹೋದರೆ ಬಂಗುಡೆ ಬುಟ್ಟಿ ಹರಾಜು, ಐಸ್ ಪುಡಿ ಮಾಡೋ ಸದ್ದು, ತುಳು, ಬ್ಯಾರಿ, ಕೊಂಕಣಿ, ಮಲಯಾಳ ಒಟ್ಟಿಗೆ ಕೇಳುತ್ತೆ. ಅಲ್ಲೇ ದೋಣಿ ಹತ್ತಿ ನದಿ ಆಚೆಯ ಬೆಂಗ್ರೆಗೆ ದಾಟಬಹುದು.

ಮಂಡ್ಯದವರಿಗೆ ಇನ್ನೊಂದು ಕಾರಣ. ಬೋಳೂರಿನ ಸುಲ್ತಾನ್ ಬತ್ತೇರಿ ಟಿಪ್ಪು 1784ರಲ್ಲಿ ಕಟ್ಟಿಸಿದ್ದು, ನದಿಯೊಳಗೆ ಶತ್ರು ಹಡಗು ಬರದ ಹಾಗೆ ಕಾವಲಿಗೆ. ಶ್ರೀರಂಗಪಟ್ಟಣದ ರಾಜ್ಯಕ್ಕೆ ಸಮುದ್ರದ ಬಾಗಿಲು ನಮ್ಮೂರಾಗಿತ್ತು. ಮೈಸೂರಿನಿಂದ ಒಂದು ರಾತ್ರಿಯ ಬಸ್. ಹಡಗು ಇಲ್ಲದಿದ್ದರೂ ಬನ್ನಿ.

ವಿಜಯನಗರ ಎರಡನೇ ಹಂತ

ಮಗ ನಾರ್ವೆಯಲ್ಲಿದ್ದಾನೆ. ಎರಡು ವರ್ಷದ ಹಿಂದೆ ಅಲ್ಲಿನ ಕರಾವಳಿ ಹಡಗಿನಲ್ಲಿ ಹೋಗಿದ್ದೆವು, ಬರ್ಗನ್‌ನಿಂದ ಕಿರ್ಕೆನೆಸ್‌ವರೆಗೆ. 1893ರಿಂದ ಓಡುತ್ತಿರೋ ಸೇವೆ. ದಾರಿಯಲ್ಲಿ 34 ಬಂದರು. ಅಲ್ಲಿಯವರಿಗೆ ಅದು ನಮ್ಮ ಕೆಂಪು ಬಸ್ಸಿದ್ದ ಹಾಗೆ. ಸಾಮಾನು, ಜನ ಎಲ್ಲಾ ಹತ್ತಿ ಇಳಿಯುತ್ತಾರೆ. ಕೆಲವು ಕಡೆ ಕಾಲು ಗಂಟೆ, ಕೆಲವು ಕಡೆ ಮೂರು ಗಂಟೆ ನಿಲುಗಡೆ. ಇಳಿದ ತಕ್ಷಣ ಊರು. ಬಹಳ ಕಡೆ ಗೋಡೆ ಇಲ್ಲ, ಗೇಟಿಲ್ಲ. ಹಡಗಿನಿಂದ ಕಾಲಿಟ್ಟರೆ ಬೇಕರಿ ವಾಸನೆ ಬರುತ್ತೆ. ನಮ್ಮ ಬಂದರುಗಳೂ ಹೀಗೆ ಜನಕ್ಕೆ ತೆರೆದುಕೊಂಡರೆ ಎಷ್ಟು ಚೆಂದ ಅನ್ನಿಸಿತು.

ಓಲೆಸುಂಡ್ ಅಂತ ಒಂದು ಊರು. 1904ರ ಜನವರಿಯಲ್ಲಿ ಬೆಂಕಿ ಬಿದ್ದು ಮರದ ಮನೆಗಳೆಲ್ಲಾ ಸುಟ್ಟವು. ಆಮೇಲೆ ಕೆಲವೇ ವರ್ಷದಲ್ಲಿ ಕಲ್ಲು, ಇಟ್ಟಿಗೆಯಲ್ಲಿ ಕಟ್ಟಿದರು. ಅದಕ್ಕೆ ಇಡೀ ಪೇಟೆ ಒಂದೇ ಕೈಯಲ್ಲಿ ಮಾಡಿದ ಹಾಗಿದೆ. ಹಿಂದಿನ ಗುಡ್ಡಕ್ಕೆ 418 ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿದವರಿಗೆ ಏನೂ ಅಲ್ಲ ಅಂತ ನಾನು ಹತ್ತಿದೆ. ನನ್ನ ಹೆಂಡತಿ ಕೆಳಗೆ ಕಾಲುವೆ ಪಕ್ಕದ ಬೆಂಚಲ್ಲಿ ಕೂತಳು. ಇಳಿದು ಬಂದರೆ ಅವಳಿಗೆ ಬಲೆ ಹೆಣೆಯೋ ಒಬ್ಬ ಅಜ್ಜ ಗಂಟು ಹಾಕೋದು ತೋರಿಸಿಕೊಟ್ಟಿದ್ದರು. ಮನೆಗೆ ಬಂದ ಮೇಲೆ ಅವಳು ಗೋರಂಟಿ ಬೇಲಿಗೆ ಅದೇ ಗಂಟು ಹಾಕುತ್ತಾಳೆ.

ಇಬ್ಬರೂ ಒಂದೇ ಕಡೆ ಹೋಗಬೇಕು ಅಂತಿಲ್ಲ. ಒಬ್ಬರು ಹತ್ತಲಿ, ಒಬ್ಬರು ಕೂರಲಿ. ಎಲ್ಲಿ, ಎಷ್ಟು ಹೊತ್ತಿಗೆ ಸೇರೋದು ಅಂತ ಮಾತಾಡಿಕೊಂಡಿದ್ದರೆ ಸಾಕು.

ಅಗ್ರಹಾರದ ಹುಡುಗ

ಲಕ್ಷದ್ವೀಪ ಯಾರೂ ಹೇಳಲಿಲ್ಲ. ಕೊಚ್ಚಿಯಿಂದ ಅಲ್ಲಿನ ಆಡಳಿತದ "ಸಮುದ್ರಂ" ಪ್ರವಾಸ ಇದೆ. ಐದು ದಿನ, ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಪರ್ಮಿಟ್ ಬೇಕು. ಸಾಮಾನ್ಯವಾಗಿ ಹಡಗು ದಡಕ್ಕೆ ಬರಲ್ಲ, ಸಮುದ್ರದಲ್ಲೇ ಸಣ್ಣ ದೋಣಿಗೆ ಇಳಿಯಬೇಕು. ಅಲೆ ಇದ್ದರೆ ದೋಣಿ ಒಂದು ಮೊಳ ಮೇಲೆ ಕೆಳಗೆ ಆಡುತ್ತೆ. ಸಿಬ್ಬಂದಿ ಎರಡೂ ತೋಳು ಹಿಡಿದು ಇಳಿಸುತ್ತಾರೆ. ಮಂಡಿ ನೋವಿದ್ದವರು ಇದನ್ನು ಯೋಚಿಸಿ. ಮಿನಿಕಾಯ್‌ನಲ್ಲಿ ತೆಂಗಿನ ನೆರಳಲ್ಲಿ ಗುಡಿಸಿ ಇಟ್ಟ ಮರಳಿನ ಓಣಿಗಳು, 1885ರ ದೀಪಸ್ತಂಭ. ಮಾತು ಮಲಯಾಳ ಅಲ್ಲ, ಮಾಲ್ಡೀವ್ಸ್‌ನ ಮಾತಿಗೆ ಹತ್ತಿರದ ಮಹಲ್. ಹವಳದ ಒಂದು ಚೂರೂ ಎತ್ತಿಕೊಂಡು ಬರಬಾರದು.

ಕುಕ್ಕರಹಳ್ಳಿ ಏರಿ

ಇದು ಅವರ ಹೆಂಡತಿ ಬರೆಯುತ್ತಿರೋದು. ಎಲ್ಲರೂ ಚರ್ಚು, ಗೋದಾಮು ಹೇಳಿದಿರಿ, ಸಂತೋಷ. ನನ್ನ ಪ್ರಶ್ನೆ ಬೇರೆ. ಎರಡು ಮೂರು ಗಂಟೆ ಬೀದಿಯಲ್ಲಿದ್ದರೆ ಶೌಚಾಲಯಕ್ಕೆ ಏನು ಮಾಡೋದು? ಇದೇ ಭಯಕ್ಕೆ ನಾನು ಪ್ರವಾಸದಲ್ಲಿ ನೀರೇ ಕುಡಿಯಲ್ಲ. ಸಂಜೆಗೆ ತಲೆನೋವು ಬರುತ್ತೆ. ಕಾಲಿಗೆ ಏನು ಹಾಕಿಕೊಳ್ಳೋದು ಅಂತಲೂ ಹೇಳಿ.

ಸರಸ್ವತಿಪುರಂ ಶಾರದೆ

ಒಳ್ಳೇದಾಯಿತು ಕೇಳಿದಿರಿ. ಇದನ್ನು ಯಾರೂ ಬರೆಯೋದೇ ಇಲ್ಲ. ನೀರು ಬಿಡಬೇಡಿ, ಜನವರಿಯಲ್ಲೂ ಕರಾವಳಿಯಲ್ಲಿ ಬೆವರು ಜಾಸ್ತಿ. ನಾನು ಮಾಡೋದು ಹೀಗೆ. ನಡಿಗೆಯನ್ನು ಎರಡು ತುಂಡು ಮಾಡಿ, ನಡುವೆ ಒಂದು ಕಾಫಿ ಜಾಗ ಇಡುತ್ತೇನೆ. ಹೋಟೆಲಿಗೆ ಹೋಗೋದು ಕಾಫಿಗಿಂತ ಶೌಚಾಲಯಕ್ಕೆ. ಫೊಂಟೇನಾಸ್‌ನಲ್ಲೂ, ಫೋರ್ಟ್ ಕೊಚ್ಚಿಯಲ್ಲೂ ಕೂತು ತಿನ್ನೋ ಚೊಕ್ಕ ಹೋಟೆಲುಗಳು ಬೇಕಾದಷ್ಟಿವೆ. ಹಡಗಿಂದ ಇಳಿಯೋ ಮುಂಚೆ ಒಂದು ಸಲ ಹೋಗಿ. ಒಂದೂವರೆ ಗಂಟೆಗೆ ಒಂದು ಸಲ ಅಂತ ಲೆಕ್ಕ ಇಟ್ಟುಕೊಂಡರೆ ಮನಸ್ಸು ನಿರಾಳ.

ಕಾಲಿಗೆ ಹೊಸದು ಬೇಡವೇ ಬೇಡ. ಕೆರೆ ಸುತ್ತೋಕೆ ಹಾಕೋ ಹಳೇ ಶೂ ಇರಲಿ. ಕೈಯಲ್ಲಿ ಛತ್ರಿ, ಬಿಸಿಲಿಗೂ ಆಯಿತು, ಇಳಿಯುವಾಗ ಊರುಗೋಲೂ ಆಯಿತು.

ಡೆಕ್ ಏಳು

ಅಮ್ಮ, ಒಂದು ಮಾತು ಸೇರಿಸುತ್ತೇನೆ. ಹಡಗಿನ ಇಳಿಯೋ ಏಣಿ ನೀರಿನ ಉಬ್ಬರ ಇಳಿತಕ್ಕೆ ತಕ್ಕಂತೆ ಒಮ್ಮೆ ಇಳಿಜಾರು, ಒಮ್ಮೆ ಕಡಿದಾಗಿ ಇರುತ್ತೆ. ಬೆಳಿಗ್ಗೆ ಸುಲಭ ಇದ್ದದ್ದು ಸಂಜೆ ಕಷ್ಟ ಇರಬಹುದು. ಬಾಗಿಲಲ್ಲಿರೋ ಹುಡುಗರಿಗೆ ಮಂಡಿ ನೋವು ಅಂತ ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ. ಅದು ಅವರ ಕೆಲಸ, ಪ್ರೀತಿಯಿಂದ ಮಾಡುತ್ತಾರೆ.

ಮತ್ತೆ, ಕೊಚ್ಚಿಯಲ್ಲಿ ನಿಮ್ಮ ಪ್ರವಾಸ ಮುಗಿಯುತ್ತೆ ಅಲ್ವಾ? ಹಾಗಾದರೆ ಪೆಟ್ಟಿಗೆ ಎಳೆದುಕೊಂಡು ನಡೆಯಬೇಡಿ. ಮೊದಲು ಎರ್ನಾಕುಲಂ ಸ್ಟೇಷನ್ನಿಗೆ ಹೋಗಿ ಸಾಮಾನು ಕೋಣೆಯಲ್ಲಿ ಇಟ್ಟು, ಆಮೇಲೆ ದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ಬನ್ನಿ. ರಾತ್ರಿ ಮೈಸೂರಿಗೆ ನೇರ ರೈಲಿದೆ.

ಕುಕ್ಕರಹಳ್ಳಿ ಏರಿ (ಜನವರಿ ಕೊನೆ)

ಬಂದೆವು. ಮೊನ್ನೆ ಬೆಳಿಗ್ಗೆ ಮೈಸೂರು ಸ್ಟೇಷನ್ನಲ್ಲಿ ಇಳಿದೆವು. ನಿಮ್ಮೆಲ್ಲರಿಗೂ ವರದಿ ಒಪ್ಪಿಸಲೇಬೇಕು.

ಮುಂಬೈಯಲ್ಲಿ ಶಾರದಮ್ಮನವರು ಹೇಳಿದ ಮೆಟ್ಟಿಲಲ್ಲಿ ಒಂದು ಗಂಟೆ ಕೂತೆವು. ಗೋವಾದಲ್ಲಿ ಹಡಗು ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ನಿಂತಿತು. ಬೆಳಗಾವಿಯ ಒಂದು ಜೋಡಿ ಸಿಕ್ಕರು, ಟ್ಯಾಕ್ಸಿ ಹಂಚಿಕೊಂಡೆವು. ಫೊಂಟೇನಾಸ್‌ನಲ್ಲಿ ಒಂದು ನೀಲಿ ಮನೆಯ ಮುಂದೆ ಒಬ್ಬ ಹೆಂಗಸು ಮೆಟ್ಟಿಲು ತೊಳೆಯುತ್ತಿದ್ದರು. ನೀರು ಬೀದಿಗೆ ಹರಿಯೋವರೆಗೆ ನಾವು ನಿಂತೆವು. ಅವರು ನೋಡಿ, ದಾಟಿ ಅಂತ ಕೈ ಮಾಡಿದರು. ಅಷ್ಟೇ. ಆದರೆ ಆ ಬೀದಿ, ಆ ನೀಲಿ, ಬಾಗಿಲ ಪಕ್ಕದ ಕೋಳಿಯ ಮಣ್ಣಿನ ಬೊಂಬೆ, ಎಲ್ಲಾ ಈಗ ಕಣ್ಣು ಮುಚ್ಚಿದರೂ ಕಾಣುತ್ತೆ. ವಾಪಸ್ ಬರುವಾಗ ಜುವಾರಿ ಸೇತುವೆ ಮೇಲೆ ವಾಹನ ನಿಂತುಬಿಟ್ಟವು, ಅರ್ಧ ಗಂಟೆ ಹೋಯಿತು. ನಾವು ಎರಡು ಗಂಟೆ ಮುಂಚೆಯೇ ಹೊರಟಿದ್ದೆವು, ಹಾಗಾಗಿ ತೊಂದರೆ ಆಗಲಿಲ್ಲ. ಹಡಗಿಗೆ ಓಡೋಡಿ ಬಂದ ಒಂದು ಕುಟುಂಬ ನೋಡಿ ಹೊಟ್ಟೆ ತಳಮಳಿಸಿತು.

ಕೊಚ್ಚಿ. ಪಾಂಡವಪುರದವರೇ, ಬಜಾರ್ ರಸ್ತೆಯಲ್ಲಿ ನಿಮ್ಮ ಶುಂಠಿ ಅಂಗಳ ಹುಡುಕಿದೆವು. ಮೂರು ಬಾಗಿಲು ಇಣುಕಿದ ಮೇಲೆ ಒಂದು ಸಿಕ್ಕಿತು. ಕಾಲಲ್ಲಿ ಮಗುಚೋ ಅಜ್ಜ ಇರಲಿಲ್ಲ, ಇಬ್ಬರು ಹೆಂಗಸರು ಮೊರದಲ್ಲಿ ಕೇರುತ್ತಿದ್ದರು. ಒಳಗೆ ಕರೆದು ಮೂಟೆ ಮೇಲೆ ಕೂರಿಸಿದರು. ನನ್ನ ಹೆಂಡತಿ ಮೊರ ಇಸಿದುಕೊಂಡು ತಾನೂ ಕೇರಿದಳು. ಕೈ ನೋಡಿ ಅವರಿಗೆ ಖುಷಿಯಾಯಿತು. ಬಾಗಿಲ ಹತ್ತಿರದ ತಕ್ಕಡಿ ನೋಡಿ ನನಗೆ ಅಪ್ಪ ನೆನಪಾದರು. ಅಲ್ಲೇ ಎಷ್ಟೋ ಹೊತ್ತು ನಿಂತೆ. ಅರಮನೆಗೂ ಹೋಗಲಿಲ್ಲ, ಸಿನಗಾಗಿಗೂ ಹೋಗಲಿಲ್ಲ, ಹೊತ್ತು ಮುಗಿದಿತ್ತು. ಒಂದಿಷ್ಟೂ ಬೇಜಾರಿಲ್ಲ.

ಬೋಳಾರದ ಮಗಳು

ಓದಿ ಬಹಳ ಸಂತೋಷ ಆಯಿತು. ಮಂಡಿ ಹೇಗಿತ್ತು? ನಮ್ಮಮ್ಮನಿಗೆ 71. ಕರೆದುಕೊಂಡು ಹೋಗೋ ಧೈರ್ಯ ಮಾಡಬಹುದಾ?

ಕುಕ್ಕರಹಳ್ಳಿ ಏರಿ

ಹೆಂಡತಿ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಬೀದಿಯಲ್ಲಿ ಮಂಡಿ ತೊಂದರೆ ಕೊಡಲಿಲ್ಲವಂತೆ. ಕಷ್ಟ ಆಗಿದ್ದು ಎರಡು ಕಡೆ. ಮುಂಬೈಯಲ್ಲಿ ಹಡಗು ಹತ್ತೋ ಮುಂಚಿನ ಸಾಲು, ಒಂದೂವರೆ ಗಂಟೆ ನಿಂತೇ ಇದ್ದೆವು. ಅಲ್ಲಿ ಗಾಲಿ ಕುರ್ಚಿ ಕೇಳಬಹುದಿತ್ತು, ಗೊತ್ತಾಗಲಿಲ್ಲ. ನೀವು ಟಿಕೆಟ್ ಮಾಡಿಸುವಾಗಲೇ ಕೇಳಿಬಿಡಿ. ಎರಡನೇದು ಕೊಚ್ಚಿಯ ದೋಣಿ ಕಟ್ಟೆ. ದೋಣಿಗೂ ಕಟ್ಟೆಗೂ ನಡುವೆ ಒಂದು ಗೇಣು ಜಾಗ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಕೈ ಹಿಡಿದಳು. ಅಮ್ಮನ ಎರಡೂ ಪಕ್ಕ ಒಬ್ಬೊಬ್ಬರು ಇರಿ, ಬೆಳಿಗ್ಗೆ 10ರ ಒಳಗೆ ನಡಿಗೆ ಶುರು ಮಾಡಿ. ತಂದ ಒಣಶುಂಠಿ ಮನೆಯಲ್ಲಿ ಇನ್ನೂ ಅರ್ಧ ಕಿಲೋ ಇದೆ. ಕೆರೆ ಕಡೆ ಬಂದಾಗ ಹೇಳಿ, ಅಮ್ಮನಿಗೆ ಕಷಾಯಕ್ಕೆ ಕೊಡುತ್ತೇವೆ.